ಉಳಿತಾಯ ಬಿಲ್ಲಿನಲ್ಲಿಲ್ಲ, ಮೀಟರಿನಲ್ಲಿದೆ



2015ರ ‘ಹೊಸ ಬೆಳಕು’ ಯೋಜನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಮನೆಗಳಿಗೆ ಬಂದವು. 60 ವ್ಯಾಟಿನ ಬಲ್ಬಿನ ಬದಲು ಅದನ್ನು ದಿನಕ್ಕೆ 5 ತಾಸು ಉರಿಸಿದರೆ ತಿಂಗಳಿಗೆ ಸುಮಾರು ಏಳೂವರೆ ಯೂನಿಟ್ ಉಳಿಯಬೇಕು. ಇದು ಕಾಗದದ ಲೆಕ್ಕ. ನಿಜಕ್ಕೂ ಉಳಿಯಿತೇ?

2023ರಲ್ಲಿ ಬಂದ ಗೃಹಜ್ಯೋತಿಯಿಂದ ಅನೇಕರ ಬಿಲ್ಲು ಸೊನ್ನೆಯಾಗಿದೆ. ಸೊನ್ನೆ ಬಿಲ್ಲು ಉಳಿತಾಯಕ್ಕೆ ಸಾಕ್ಷಿಯಲ್ಲ. ಮಿತಿ ದಾಟಿದರೆ ಹಣ ತೆರಲೇಬೇಕು. ರಾಯಚೂರು, ದೇವದುರ್ಗ, ಮಾನ್ವಿಗಳ ಬೇಸಿಗೆಯಲ್ಲಿ ಬಲ್ಬು ಉಳಿಸಿದ್ದನ್ನು ಫ್ಯಾನು ನುಂಗಿಬಿಡುತ್ತದೆ. ಆದ್ದರಿಂದ ಮೇ ತಿಂಗಳನ್ನು ಡಿಸೆಂಬರಿನೊಡನೆ ಹೋಲಿಸದೆ, ಹಿಂದಿನ ವರ್ಷದ ಮೇ ತಿಂಗಳ ಯೂನಿಟ್ಟುಗಳೊಡನೆ ಹೋಲಿಸಬೇಕು. ಬಲ್ಬು ಬದಲಿಸದ ನೆರೆಮನೆಯ ಲೆಕ್ಕವನ್ನೂ ನೋಡಬೇಕು.

ಹತ್ತಿ ತೂಗದೆ ಗೊಬ್ಬರವನ್ನು ಹೊಗಳುವವರಲ್ಲ ನಾವು. ಪ್ರತಿ ತಿಂಗಳ ಒಂದನೇ ತಾರೀಖು ಮೀಟರಿನ ಅಂಕಿ ಬರೆದಿಡೋಣ. ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದು ಯೂನಿಟ್ಟಿನ ಲೆಕ್ಕದಲ್ಲಿ, ರೂಪಾಯಿಯ ಲೆಕ್ಕದಲ್ಲಲ್ಲ.

— ಕಾರ್ಯದರ್ಶಿ