ಪರದೇಶದಲ್ಲಿರುವ ನಮ್ಮ ಹುಡುಗಿಯರೂ ಅವರ ಬಿಡುವಿನ ವೇಳೆಯೂ



ನಮ್ಮ ಹುಡುಗಿಯರಲ್ಲಿ ಅನೇಕರು ಈಗ ಉಚ್ಚ ವಿದ್ಯಾಭ್ಯಾಸಕ್ಕಾಗಿ ಸಮುದ್ರದಾಚೆಗೆ ಹೋಗುತ್ತಿರುವದು ನಮಗೆಲ್ಲರಿಗೂ ಸಂತೋಷದ ಸಂಗತಿ. ಜರ್ಮನಿ ದೇಶವೊಂದರಲ್ಲಿಯೇ 2024–25ರ ಚಳಿಗಾಲದ ಅವಧಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆಯು 59,000ವನ್ನು ಮೀರಿತ್ತು. ಹೊರಡುವ ಮಗಳ ಪೆಟ್ಟಿಗೆಯಲ್ಲಿ ಏನೇನು ತುಂಬಬೇಕೆಂದು ತಾಯಂದಿರು ತಿಂಗಳುಗಟ್ಟಲೆ ಆಲೋಚಿಸುತ್ತಾರೆ: ಉಣ್ಣೆಯ ಬಟ್ಟೆ, ಸಾರಿನ ಪುಡಿ, ಉಪ್ಪಿನಕಾಯಿ, ಸಣ್ಣದೊಂದು ಕುಕ್ಕರ್. ಆದರೆ ಅಲ್ಲಿ ಆಕೆಯು ತನ್ನ ಬಿಡುವಿನ ವೇಳೆಯನ್ನು ಹೇಗೆ ಕಳೆಯುವಳೆಂದು ಕೇಳುವವರು ವಿರಳ. ಈ ಪ್ರಶ್ನೆಯು ಅಲ್ಪವಾದದ್ದಲ್ಲವೆಂಬದೇ ನನ್ನ ಅಭಿಪ್ರಾಯ.

ಅಲ್ಲಿಯ ಆದಿತ್ಯವಾರವನ್ನು ಊಹಿಸಿಕೊಳ್ಳಿರಿ. ಆ ದಿನವು ವಿಶ್ರಾಂತಿಯ ದಿನವೆಂದು ದೇಶದ ಸಂವಿಧಾನದಲ್ಲಿಯೇ ರಕ್ಷಿಸಲ್ಪಟ್ಟಿದೆ. ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಮನೆಗಳಲ್ಲಿ ಮೊಳೆ ಹೊಡೆಯುವ ಸದ್ದನ್ನೂ ನೆರೆಯವರು ಸಹಿಸುವದಿಲ್ಲ. ಡಿಸೆಂಬರಿನಲ್ಲಿಯಾದರೋ ಸಾಯಂಕಾಲ ನಾಲ್ಕೂವರೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಬರ್ಲಿನ್ ಪಟ್ಟಣದಲ್ಲಿ ನಾಲ್ಕಕ್ಕೂ ಮುಂಚೆಯೇ. ಆ ದೇಶದವರಿಗೆ ಇದು ಮನೆಯವರೊಡನೆ ಕಳೆಯುವ ದಿನ. ಮನೆಯವರನ್ನು ಬಿಟ್ಟುಬಂದ ಹುಡುಗಿಗೆ ಇದೇ ದಿನವು ವಾರದಲ್ಲೆಲ್ಲಾ ಅತಿ ದೀರ್ಘವಾದದ್ದಾಗಿ ತೋರುತ್ತದೆ.

“ಓದಲಿಕ್ಕೆ ಕಳುಹಿಸಿದ್ದೇವೆಯೇ ಹೊರತು ಆಡಲಿಕ್ಕಲ್ಲ” ಎಂದು ಕೆಲವು ಹೆತ್ತವರು ಹೇಳಬಹುದು. ಅವರ ಕಳವಳವು ನ್ಯಾಯವಾದದ್ದೇ. 2024ರ ಸೆಪ್ಟೆಂಬರಿನಿಂದ ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಖರ್ಚಿಗಾಗಿ 11,904 ಯೂರೊಗಳನ್ನು ಮುಂಗಡವಾಗಿ ತೋರಿಸಬೇಕೆಂಬ ನಿಯಮವು ಬಂತು. ಎಷ್ಟೋ ಮನೆಗಳು ಇದಕ್ಕಾಗಿ ಸಾಲ ಮಾಡಿವೆ. ಸಾಲದ ನೆನಪಿರುವ ಮಗಳಿಗೆ ತಾನು ಸುಮ್ಮನೆ ಕುಳಿತ ಪ್ರತಿಯೊಂದು ಗಳಿಗೆಯೂ ಅಪರಾಧವಾಗಿ ಕಾಣುತ್ತದೆ. ಅಲ್ಲಿಯ ಕಾನೂನು 2024ರ ಮಾರ್ಚಿನಿಂದ ವಿದ್ಯಾರ್ಥಿಗಳಿಗೆ ವರ್ಷದಲ್ಲಿ 140 ಪೂರ್ಣ ದಿನಗಳ ಇಲ್ಲವೆ 280 ಅರ್ಧ ದಿನಗಳ ಕೂಲಿ ಕೆಲಸಕ್ಕೆ ಅನುಮತಿ ಕೊಟ್ಟದ್ದರಿಂದ, ಬಿಡುವೆಲ್ಲಾ ಕೆಲಸಕ್ಕೆ ಹೋಗುವದುಂಟು. ಉಳಿದ ಹೊತ್ತು ಬಾಗಿಲು ಮುಚ್ಚಿದ ಕೋಣೆಯಲ್ಲಿ ಫೋನಿನ ಮುಂದೆ ಕಳೆಯುತ್ತದೆ. ವಾರಕ್ಕೊಮ್ಮೆ ನಾವು ಮಾತಾಡಿಸುವಾಗ ಕೇಳುವದು ಮೂರೇ ಪ್ರಶ್ನೆ: ಊಟವಾಯಿತೇ? ಪರೀಕ್ಷೆ ಯಾವಾಗ? ಹಣವಿದೆಯೇ? ಆಕೆಯು ಮೂರಕ್ಕೂ ಸರಿಯಾಗಿ ಉತ್ತರಿಸಿ, ನಾಲ್ಕನೆಯದನ್ನು, ಅಂದರೆ ತನ್ನ ಒಂಟಿತನವನ್ನು, ನಮ್ಮಿಂದ ಮರೆಮಾಡುತ್ತಾಳೆ.

ಆದರೆ ಅದೇ ದೇಶದಲ್ಲಿ ಅಲ್ಪ ವೆಚ್ಚದ ವಿನೋದಗಳು ಎಷ್ಟೋ ಇವೆ. ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳಿಗೆ ಸ್ವಲ್ಪವೇ ಶುಲ್ಕಕ್ಕೆ ಈಜು, ನೃತ್ಯ, ವಾಲಿಬಾಲ್ ಮುಂತಾದ ತರಗತಿಗಳನ್ನು ಏರ್ಪಡಿಸುತ್ತವೆ. ಏನೂ ತಿಳಿಯದವರಿಗೂ ಅಲ್ಲಿ ಸ್ಥಳವುಂಟು. ನಮ್ಮ ಶಾಲೆಯ ಅಂಗಳದಲ್ಲಿ ತ್ರೋಬಾಲ್ ಆಡಿದವಳಿಗೆ ವಾಲಿಬಾಲ್ ಎಷ್ಟು ಮಾತ್ರದ್ದು! ಇನ್ನು, ಆ ಜನರು ಸಂಘ ಕಟ್ಟುವದರಲ್ಲಿ ನಿಸ್ಸೀಮರು. ‘ಫೆರೈನ್’ ಎಂದು ಕರೆಯಲ್ಪಡುವ ಇಂಥ ನೋಂದಾಯಿತ ಸಂಘಗಳು ಆರು ಲಕ್ಷಕ್ಕೂ ಹೆಚ್ಚಿವೆ. ನೋಂದಣಿಗೆ ಏಳು ಸದಸ್ಯರಿದ್ದರೆ ಸಾಕು. ಹಾಡುವವರಿಗೊಂದು, ಚದುರಂಗಕ್ಕೊಂದು, ತೋಟಗಾರಿಕೆಗೊಂದು. ಶಾಲೆಯ ಗಾನವೃಂದದಲ್ಲಿ ಎರಡನೆಯ ಸ್ವರವನ್ನು ತಪ್ಪದೆ ಹಾಡಿದವಳು ಅಲ್ಲಿಯ ಗಾಯನ ಸಂಘದಲ್ಲಿ ಭಾಷೆ ಬರುವ ಮೊದಲೇ ತನ್ನ ಸ್ಥಾನವನ್ನು ಕಂಡುಕೊಳ್ಳಬಲ್ಲಳು.

ಕಾಲ್ನಡಿಗೆಯಂತೂ ಖರ್ಚಿಲ್ಲದ ಸುಖ. 1909ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯರು ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ಪ್ರವಾಸ ಮಾಡುವ ಎಳೆಯರಿಗೆ ಊರೂರಲ್ಲಿ ಅಗ್ಗದ ತಂಗುಮನೆಗಳು ಬೇಕೆಂಬ ಆಲೋಚನೆ ಆ ರಾತ್ರಿಯಲ್ಲೇ ಹುಟ್ಟಿತು. ಇಂದು ಲೋಕವೆಲ್ಲಾ ಹರಡಿರುವ ಯೂತ್ ಹಾಸ್ಟೆಲುಗಳ ಮೂಲವಿದು. ಟ್ಯೂಬಿಂಗೆನ್ ಪಟ್ಟಣದ ಸಮೀಪದ ಬೆಟ್ಟಗಳಲ್ಲಿ 1888ರಲ್ಲಿ ಸ್ಥಾಪಿತವಾದ ನಡಿಗೆಯ ಸಂಘವೊಂದು ಕಾಲುದಾರಿಗಳಿಗೆ ಗುರುತು ಹಾಕಿ ಕಾಪಾಡಿಕೊಂಡು ಬಂದಿದೆ. ಆದಿತ್ಯವಾರ ಅಲ್ಲಿಗೆ ಹೋದ ಹುಡುಗಿಯು ಮುಚ್ಚಿದ ಅಂಗಡಿಗಳನ್ನು ಕುರಿತು ಕೊರಗಲಾರಳು.

ಅದೇ ಟ್ಯೂಬಿಂಗೆನ್ ಪಟ್ಟಣದಲ್ಲಿ ನಮ್ಮವರೆನ್ನಬಹುದಾದ ಒಬ್ಬರು 1903ರಲ್ಲಿ ತೀರಿಕೊಂಡರು. ಫೆರ್ಡಿನಂಡ್ ಕಿಟ್ಟೆಲರು 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ನಮ್ಮ ಭಾಷೆಯ ನೆಲಕ್ಕೆ ಹೊಸಬರಾಗಿ ಬಂದವರು; 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟನ್ನು ತಿಳಿಯದವರಾರು? ಅಂಥ ಗ್ರಂಥವು ಪುಸ್ತಕಗಳಿಂದ ಮಾತ್ರ ಆಗುವಂಥದ್ದಲ್ಲ. ಅದರಲ್ಲಿ ಗಾದೆಗಳಿವೆ, ಗಿಡಮರಗಳ ಹೆಸರುಗಳಿವೆ, ಮನೆವಾರ್ತೆಯ ಮಾತುಗಳಿವೆ. ಇವು ಜನರ ನಡುವೆ ಕುಳಿತು ಕೇಳಿದವನಿಗೆ ದಕ್ಕುವ ಸಂಪತ್ತು. ಇಲ್ಲಿಗೆ ಬಂದವರಿಗೆ ಸಲ್ಲುವ ಈ ಮಾತು ಅಲ್ಲಿಗೆ ಹೋದವರಿಗೂ ಸಲ್ಲುತ್ತದೆ. ತರಗತಿಯಲ್ಲಿ ವ್ಯಾಕರಣ ಬರುತ್ತದೆ; ಆಟದ ಬಯಲಿನಲ್ಲಿ, ಹಾಡಿನ ಸಾಲಿನಲ್ಲಿ, ಬೆಟ್ಟದ ದಾರಿಯಲ್ಲಿ ಸ್ನೇಹ ಬರುತ್ತದೆ. ಕಾಯಿಲೆ ಬಿದ್ದಾಗ ಗಂಜಿ ತಂದುಕೊಡುವದು ವ್ಯಾಕರಣವಲ್ಲ.

ಸ್ವದೇಶದವರ ಕೂಟವೂ ಬೇಕು. ಕ್ರಿಸ್ಮಸ್, ಯುಗಾದಿಗಳಲ್ಲಿ ಒಟ್ಟುಗೂಡಿ ಕನ್ನಡದಲ್ಲಿ ನಗುವದು ಮನಸ್ಸಿಗೆ ಔಷಧದಂತಿದೆ. ಆದರೆ ಅದೊಂದೇ ಆದರೆ ಹುಡುಗಿಯು ಪರದೇಶದಲ್ಲಿದ್ದೂ ಅದನ್ನು ಕಾಣದೆ ಹಿಂದಿರುಗುವಳು. ನನ್ನ ಸಲಹೆ ಇಷ್ಟೇ: ವಾರದಲ್ಲಿ ಒಂದು ಸಂಜೆ ನಮ್ಮವರೊಡನೆ, ಒಂದು ಸಂಜೆ ಆ ಊರಿನವರೊಡನೆ.

ಈ ಶಿಕ್ಷಣವು ವಿಮಾನ ಹತ್ತಿದ ಮೇಲೆ ಪ್ರಾರಂಭವಾಗತಕ್ಕದ್ದಲ್ಲ. ಪರೀಕ್ಷೆ ಸಮೀಪಿಸಿತೆಂದು ಹತ್ತನೆಯ ತರಗತಿಯ ಹುಡುಗಿಯ ಆಟವನ್ನೂ ಸಂಗೀತವನ್ನೂ ಮೊದಲು ನಿಲ್ಲಿಸುವವರು ನಾವೇ. ಬಿಡುವನ್ನು ಉಪಯೋಗಿಸಲು ಇಲ್ಲಿ ಕಲಿಯದವಳು ಅಲ್ಲಿ ಹೇಗೆ ಕಲಿತಾಳು? ಆದಕಾರಣ, ಹೆತ್ತವರೇ, ಮಗಳಿಗೆ ಒಂದು ಆಟವನ್ನೂ ಒಂದು ಹಾಡನ್ನೂ ಉಳಿಸಿಕೊಡಿರಿ; ಪೆಟ್ಟಿಗೆಯಲ್ಲಿ ಅವುಗಳಿಗೆ ತೂಕವಿಲ್ಲ. ಮುಂದಿನ ಆದಿತ್ಯವಾರ ಆಕೆಯನ್ನು ಮಾತಾಡಿಸುವಾಗ ಪರೀಕ್ಷೆಯನ್ನು ಕೇಳುವ ಮೊದಲು, “ಈ ವಾರ ಯಾರೊಡನೆ ನಕ್ಕೆ, ಮಗಳೇ?” ಎಂದು ಕೇಳಿರಿ. ಉತ್ತರ ಬರಲು ತಡವಾದರೆ, ಆ ಮೌನವನ್ನು ಲಕ್ಷ್ಯವಿಟ್ಟು ಕೇಳಿರಿ.