ಗಣಕವಿದ್ಯೆ ಕಲಿಯುವ ಬಾಲಿಕೆಗೆ ಯಾವ ಸಾಧನ ಯೋಗ್ಯ?

ಪೈಥಾನ್ ಮುಂತಾದ ಗಣಕಭಾಷೆಯನ್ನು ಅಭ್ಯಸಿಸತೊಡಗಿದ ಬಾಲಿಕೆಯು ಬಹುಬೇಗನೆ ಒಂದು ಸಂಕಟಕ್ಕೆ ಸಿಲುಕುವಳು. ನಿನ್ನೆ ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮು ಇಂದು ತಿದ್ದಿದ ಬಳಿಕ ನಡೆಯದು. ನಿನ್ನೆಯ ರೂಪವೋ ಎಲ್ಲಿಯೂ ಉಳಿದಿರದು. ಎರಡು ಮೂರು ಸಲ ಹೀಗಾದರೆ, ಈ ವಿದ್ಯೆ ತನಗೆ ಒಲಿಯದೆಂದು ಆಕೆಯು ಕೈಬಿಡುವ ಭಯವುಂಟು. ತಿದ್ದುಪಡಿಗಳನ್ನು ತಾರೀಖಿನೊಡನೆ ದಾಖಲಿಸಿಟ್ಟು, ಬೇಕಾದಾಗ ಹಿಂದಿನ ರೂಪವನ್ನು ಮರಳಿ ಕೊಡುವ ಸಾಧನಗಳನ್ನು ವರ್ಷನ್ ಕಂಟ್ರೋಲ್ ಎನ್ನುವರು. ಇವುಗಳಲ್ಲಿ ಯಾವುದನ್ನು ಆರಿಸತಕ್ಕದ್ದೆಂಬ ವಿಷಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನನ್ನ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳುವೆನು.

2000ದಲ್ಲಿ ಆರಂಭವಾದ ಸಬ್‌ವರ್ಷನ್ ಎಂಬುದರಲ್ಲಿ ಚರಿತ್ರೆಯೆಲ್ಲವೂ ಸಾಮಾನ್ಯವಾಗಿ ದೂರದ ಒಂದು ಕೇಂದ್ರ ಸರ್ವರಿನಲ್ಲಿರುವುದು. ಸಂಪರ್ಕ ತಪ್ಪಿದರೆ ತಿದ್ದುಪಡಿಯನ್ನು ದಾಖಲಿಸುವಂತಿಲ್ಲ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸರು ರಚಿಸಿದ ಗಿಟ್‌ನಲ್ಲಾದರೋ, ಸಮಗ್ರ ಚರಿತ್ರೆಯೂ ಕಲಿಯುವವಳ ಸ್ವಂತ ಗಣಕಯಂತ್ರದಲ್ಲಿಯೇ ಇರುವುದು. ಲಿಂಗನಮಕ್ಕಿಯ ಹಿನ್ನೀರಿನ ಮಗ್ಗುಲಲ್ಲಿರುವ ತುಮರಿಯ ಸೀಮೆಯವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. 2025ನೆಯ ಜುಲೈಯಲ್ಲಿ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಣ ಸೇತುವೆಯು ತೆರೆಯುವ ತನಕ, ಸಾಗರಕ್ಕೆ ಹೋಗಬೇಕಾದರೆ ಲಾಂಚಿನ ಹೊತ್ತನ್ನು ಕಾಯಬೇಕಾಗಿತ್ತು. ಇಲ್ಲವೆ ಬಹುದೂರ ಸುತ್ತಬೇಕಾಗಿತ್ತು. ಮನೆಯಲ್ಲಿಯೇ ಮುಗಿಸಬಹುದಾದ ಕೆಲಸಕ್ಕಾಗಿ ಲಾಂಚನ್ನು ಕಾಯುವವರುಂಟೆ? ಮಳೆಗಾಲದ ಮಲೆನಾಡಿನಲ್ಲಿ ನೆಟ್‌ವರ್ಕನ್ನು ನಂಬಿ ಅಭ್ಯಾಸ ನಡೆಸುವುದೂ ಅಂತಹುದೇ.

ಗಿಟ್ ಹುಟ್ಟಿದ ವರ್ಷದಲ್ಲಿಯೇ ಬಂದ ಮರ್ಕ್ಯುರಿಯಲ್‌ಗೂ ಈ ಗುಣವುಂಟು. ಆದರೆ ಅದಕ್ಕೆ ಆಶ್ರಯವಿತ್ತಿದ್ದ ಬಿಟ್‌ಬಕೆಟ್ ಎಂಬ ಜಾಲತಾಣವು 2020ರಲ್ಲಿ ಅದನ್ನು ಕೈಬಿಟ್ಟಿತು. ಗುರುವು ಸಮೀಪದಲ್ಲಿಲ್ಲದ ವಿದ್ಯಾರ್ಥಿನಿಗೆ, ಕೇಳಿದರೆ ಉತ್ತರ ಕೊಡುವ ಬಳಕೆದಾರರು ಎಲ್ಲೆಡೆ ಇರುವ ಸಾಧನವೇ ಹಿತಕರ. ಆದುದರಿಂದ ಗಿಟ್ ಒಂದನ್ನೇ ಕಲಿಯತಕ್ಕದ್ದೆಂದು ನನ್ನ ಮತ.

ಹೊಸ ಭಾಷೆಯೊಡನೆ ಈ ಭಾರವೂ ಏಕೆಂದು ಕೆಲವರು ಆಕ್ಷೇಪಿಸಬಹುದು. ಆರಂಭದಲ್ಲಿ ಇನಿಟ್, ಆಡ್, ಕಮಿಟ್, ಲಾಗ್, ರಿಸ್ಟೋರ್ ಎಂಬ ಐದು ಆಜ್ಞೆಗಳು ಸಾಕು. ಉಳಿದವು ಕ್ರಮೇಣ ಬರಲಿ. ವಿಎಸ್ ಕೋಡ್ ಮುಂತಾದವುಗಳಲ್ಲಿ ಗುಂಡಿಯೊತ್ತಿ ಇದೇ ಕೆಲಸ ಮಾಡಬಹುದಾದರೂ, ಆಜ್ಞೆಗಳನ್ನು ಮೊದಲು ಕಲಿಯುವುದೇ ಮೇಲು. ಮುಂದೆ ಬೇರೊಂದು ಪರಿಸರಕ್ಕೆ ಹೋದಾಗ ಗುಂಡಿಗಳು ಬದಲಾಗುವುವು, ಆಜ್ಞೆಗಳು ಬದಲಾಗವು.

ಪೋಷಕರಿಗೆ ಎರಡು ಮಾತು. ಗಿಟ್ ಬೇರೆ, 2008ರಲ್ಲಿ ತೆರೆದ ಗಿಟ್‌ಹಬ್ ಬೇರೆ. ಮೊದಲನೆಯದು ಉಚಿತವಾದ ಸಾಧನ, ಎರಡನೆಯದು ಜಾಲತಾಣ. ಅದರಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ಮನೆಯ ವಿಳಾಸ, ಫೋನ್ ಸಂಖ್ಯೆ, ಪಾಸ್‌ವರ್ಡುಗಳನ್ನು ಅಲ್ಲಿ ಬರೆಯಕೂಡದು. ಇನ್ನು, ಯಂತ್ರವೇ ಕೆಟ್ಟರೆ ಅದರೊಳಗಿನ ಚರಿತ್ರೆಯೂ ಹೋಗುವುದರಿಂದ, ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಪ್ರತಿ ಮಾಡಿಸಿರಿ. ಗಿಟ್‌ನಲ್ಲಿ ಅದಕ್ಕೂ ನೆಟ್‌ವರ್ಕು ಬೇಕಿಲ್ಲ.

ಸಾಧನಗಳ ತಾರತಮ್ಯ ವಿಚಾರದಲ್ಲಿಯೇ ತಿಂಗಳುಗಳನ್ನು ಕಳೆಯದೆ, ಪಾಠದ ಮೊದಲ ದಿನವೇ ಮೊದಲ ಕಮಿಟ್ ಆಗಲಿ. ತಪ್ಪಿದರೆ ಹಿಂದಿರುಗಬಹುದೆಂದು ಬಲ್ಲ ಬಾಲಿಕೆಯು ಹೊಸದನ್ನು ಪ್ರಯತ್ನಿಸಲು ಹಿಂಜರಿಯಳು.