ಹತ್ತೇ ಮಂದಿ ಉಳಿದರೂ ಒಬ್ಬ ಮುಂದೆ ಇರಲಿ

ಬೊಮ್ರಾಸಪೇಟ್: ಫುಟ್‌ಬಾಲ್‌ನಲ್ಲಿ ಕೆಂಪು ಕಾರ್ಡ್ ಬಿದ್ದರೆ ಸಾಕು, ಉಳಿದ ಹತ್ತೂ ಹುಡುಗರು ಗೋಲ್ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಾರೆ. ‘ಒಬ್ಬ ಕಮ್ಮಿ ಆದ, ಇನ್ನ ಗೆಲ್ಲೋ ಮಾತೆಲ್ಲಿ, ಡ್ರಾ ಆದ್ರ ಸಾಕು’ ಅನ್ನೋ ಲೆಕ್ಕ. ಈ ಲೆಕ್ಕವೇ ತಪ್ಪು.

2019ರ ಫೆಬ್ರುವರಿ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಗೋವಾ ವಿರುದ್ಧ ಬೆಂಗಳೂರು ಎಫ್‌ಸಿ ವಿರಾಮಕ್ಕೆ ಮೊದಲೇ ನಿಶು ಕುಮಾರ್ ಅವರನ್ನು ಕಳೆದುಕೊಂಡಿತ್ತು. ಆದರೂ ಗೆದ್ದದ್ದು ಬೆಂಗಳೂರೇ, ಅದೂ 3-0! ಜುವಾನನ್, ಉದಾಂತ ಸಿಂಗ್, ಮಿಕು ಮೂವರೂ ಗೋಲು ಹೊಡೆದದ್ದು ಹತ್ತೇ ಮಂದಿ ಆಡುತ್ತಿದ್ದಾಗ. ಜುವಾನನ್ ಅಂತೂ ಡಿಫೆಂಡರ್.

ಎದುರಾಳಿಗೆ ಒಬ್ಬ ಹೆಚ್ಚಾದಾಗ ಎಲ್ಲರೂ ಮುಂದೆ ನುಗ್ಗುತ್ತಾರೆ, ಹಿಂದೆ ಬಯಲು ಖಾಲಿ ಬೀಳುತ್ತದೆ. ಓಡುವ ಹುಡುಗನೊಬ್ಬನನ್ನು ಅಲ್ಲೇ ಬಿಟ್ಟರೆ ಅವನ ಕಾವಲಿಗೆ ಇಬ್ಬರು ಉಳಿಯಲೇಬೇಕು. ಅಲ್ಲಿಗೆ ಮಂದಿಯ ಲೆಕ್ಕ ಸರಿಹೋಯಿತು. ಚೆಂಡು ಸಿಕ್ಕ ಕೂಡಲೇ ಎರಡು ಮೂರು ಪಾಸ್‌ನಲ್ಲಿ ಅವನಿಗೆ ಮುಟ್ಟಿಸಬೇಕು, ಸುತ್ತುಬಳಸು ಬೇಡ. ಕಾರ್ನರ್, ಫ್ರೀ ಕಿಕ್ ಸಿಕ್ಕರೆ ಎತ್ತರದ ಡಿಫೆಂಡರ್ ಕೂಡ ಮುಂದೆ ಹೋಗಲಿ. ಪ್ರೊ ಕಬಡ್ಡಿಯಲ್ಲಿ ಮೂರೇ ಮಂದಿ ಉಳಿದಾಗ ರೇಡರ್‌ನನ್ನು ಹಿಡಿದರೆ ಒಂದು ಪಾಯಿಂಟ್ ಹೆಚ್ಚಿಗೆ ಸಿಗುವುದು ಹುಡುಗರಿಗೆ ಗೊತ್ತೇ ಇದೆ.

ಅಪಾಯ ಇಲ್ಲವೆಂದಲ್ಲ. ಅದೇ ವರ್ಷ ಮಾರ್ಚ್ 17ರ ಐಎಸ್‌ಎಲ್ ಫೈನಲ್‌ನಲ್ಲಿ ಒಬ್ಬ ಕಡಿಮೆಯಾದದ್ದು ಗೋವಾಕ್ಕೆ. ಹೆಚ್ಚುವರಿ ಅವಧಿಯಲ್ಲಿ ಅಹಮದ್ ಜಾಹು ಹೊರಬಿದ್ದ ಮೇಲೆ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆ ಕೊಟ್ಟರು. ಬೆಂಗಳೂರು 1-0ರಿಂದ ಕಪ್ ಗೆದ್ದಿತು. ಆದ್ದರಿಂದ ತಾಲೀಮಿನಲ್ಲೇ ವಾರಕ್ಕೊಮ್ಮೆ ಒಬ್ಬನನ್ನು ಹೊರಗೆ ಕೂಡಿಸಿ ಆಡಿಸುವುದು ಒಳ್ಳೆಯದು.